ಗ್ಲಾರಸ್‌ನ ಬೆಂಕಿ, ಬ್ಯಾಡಗಿಯ ಮಳೆ

ಜುಲೈ ತಿಂಗಳು ಮುಗಿಯುತ್ತ ಬಂದಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಕಿವಿಯಿಂದ ಕಿವಿಗೆ ದಾಟುತ್ತಿರುತ್ತದೆ: ವಿಮೆ ತುಂಬಿದ್ರೇನು? ಬ್ಯಾಂಕು, ಸೊಸೈಟಿ, ಗ್ರಾಮ ಒನ್ ಕೇಂದ್ರಗಳ ಮುಂದೆ ಉತಾರ, ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದ ಜನ ಸಾಲುಗಟ್ಟುತ್ತಾರೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5ರಷ್ಟನ್ನು ರೈತ ಕಟ್ಟಿದರೆ ಸಾಕು. ಕಂತಿನ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಕೈಗೆ ಒಂದು ರಸೀದಿ ಬರುತ್ತದೆ. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡವರಿಗೆ ಜಿಲ್ಲೆಯ ಟೆಂಡರ್ ಗೆದ್ದ ಕಂಪನಿಯ ಹೆಸರಷ್ಟೇ ಗೊತ್ತಿರುತ್ತದೆ. ಆದರೆ ಆ ಕಂಪನಿ ಇಡೀ ಹೊರೆಯನ್ನು ತಾನೊಂದೇ ಹೊರುವುದಿಲ್ಲ, ಹೊರಲೂ ಆಗುವುದಿಲ್ಲ. ಹೊರೆಯ ಒಂದು ಪಾಲು ಮುಂಬೈಗೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಜ್ಯೂರಿಕ್, ಮ್ಯೂನಿಕ್, ಪ್ಯಾರಿಸ್‌ಗಳ ಕಡೆಗೆ ದಾರಿ ತೆರೆದಿದೆ. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಈ ಯುರೋಪಿನ ಸಂಸ್ಥೆಗಳಲ್ಲಿ ಒಂದಾದ ಸ್ವಿಸ್ ರೀಯ ಕಥೆ ಗೊತ್ತಾದರೆ ನಮ್ಮ ಬೆಳೆ ವಿಮೆಯ ಗುಟ್ಟೂ ದೋಷವೂ ಒಟ್ಟಿಗೇ ತಿಳಿಯುತ್ತವೆ ಎಂಬುದು ನನ್ನ ನಂಬಿಕೆ. ವಿಮೆಯಲ್ಲಿ ನಷ್ಟದ ಹೊರೆ ದೂರ ದೂರ ಹರಡಬೇಕು, ನಷ್ಟದ ಅಳತೆ ಹೊಲದ ಬದುವಿನ ಹತ್ತಿರಕ್ಕೆ ಬರಬೇಕು. ಮೊದಲನೆಯದನ್ನು ಯುರೋಪು ನೂರಾ ಅರವತ್ತು ವರ್ಷಗಳ ಹಿಂದೆಯೇ ಕಲಿತಿತು, ಅದರ ಲಾಭ ನಮಗೂ ಸಿಗುತ್ತಿದೆ. ಎರಡನೆಯದು ನಮ್ಮ ಕೈಯಲ್ಲಿರುವ ಕೆಲಸ. ಅದೇ ಅರ್ಧಕ್ಕೆ ನಿಂತಿದೆ.

1861ರ ಮೇ 10ರ ರಾತ್ರಿ ಸ್ವಿಟ್ಜರ್ಲೆಂಡಿನ ಗ್ಲಾರಸ್ ಎಂಬ ಬೆಟ್ಟದ ತಪ್ಪಲಿನ ಪಟ್ಟಣಕ್ಕೆ ಬೆಂಕಿ ಬಿತ್ತು. ಆಲ್ಪ್ಸ್ ಪರ್ವತದಿಂದ ಇಳಿದು ಬರುವ, ಅಲ್ಲಿನವರು ಫ್ಯೋನ್ ಎಂದು ಕರೆಯುವ ಒಣ ಬಿಸಿಗಾಳಿ ಅಂದು ಬೀಸುತ್ತಿತ್ತು. ಬೆಳಗಾಗುವಷ್ಟರಲ್ಲಿ ಊರಿನ ಮೂರರಲ್ಲಿ ಎರಡು ಪಾಲು ಬೂದಿಯಾಗಿ, 500ಕ್ಕೂ ಹೆಚ್ಚು ಮನೆಗಳು ಸುಟ್ಟು, ಸುಮಾರು 3,000 ಜನ ಬೀದಿಗೆ ಬಿದ್ದರು. ಗ್ಲಾರಸ್ ಬಡ ಊರಲ್ಲ. ಹತ್ತಿಬಟ್ಟೆಗೆ ಬಣ್ಣದ ಅಚ್ಚು ಹಾಕಿ ದೂರದೇಶಗಳಿಗೆ ಕಳಿಸುತ್ತಿದ್ದ ಪ್ರಾಂತ್ಯ ಅದು. ವಿಮೆಯೂ ಇತ್ತು. ಆದರೆ ಕಂತು ಕಟ್ಟಿದವರೂ ಪರಿಹಾರ ಕೇಳಲು ಬಂದವರೂ ಅದೇ ಕಣಿವೆಯವರು. ಒಬ್ಬನ ಮನೆ ಸುಟ್ಟಾಗ ಉಳಿದವರ ಕಂತಿನಿಂದ ಕಟ್ಟಿಕೊಡಬಹುದು. ಎಲ್ಲರ ಮನೆಯೂ ಒಂದೇ ರಾತ್ರಿ ಸುಟ್ಟರೆ ಕೊಡುವವರು ಯಾರು ಉಳಿದರು? ಜರ್ಮನಿಯ ಹ್ಯಾಂಬರ್ಗ್ ನಗರ 1842ರಲ್ಲಿ ಸುಟ್ಟಾಗಲೂ ಇದೇ ಪಾಠ ಸಿಕ್ಕಿತ್ತು. ಅದರ ಬೆನ್ನಿಗೇ 1846ರಲ್ಲಿ ಕೊಲೋನ್ ನಗರದಲ್ಲಿ ಮರುವಿಮೆಯನ್ನೇ, ಅಂದರೆ ವಿಮಾ ಕಂಪನಿಗಳಿಗೆ ವಿಮೆ ಕೊಡುವುದನ್ನೇ, ವೃತ್ತಿಯಾಗಿಸಿಕೊಂಡ ಕಂಪನಿ ಹುಟ್ಟಿತು. ಗ್ಲಾರಸ್ ಸುಟ್ಟ ಎರಡು ವರ್ಷಕ್ಕೆ, 1863ರ ಡಿಸೆಂಬರ್ 19ರಂದು, ಸೇಂಟ್ ಗಾಲೆನ್ ನಗರದ ಹೆಲ್ವೇಷಿಯಾ ವಿಮಾ ಕಂಪನಿ, ಮುಂದೆ ಕ್ರೆಡಿಟ್ ಸ್ವಿಸ್ ಎಂದು ಹೆಸರಾದ ಜ್ಯೂರಿಕ್‌ನ ಬ್ಯಾಂಕು ಮತ್ತು ಬಾಸೆಲ್‌ನ ಒಂದು ವಾಣಿಜ್ಯ ಬ್ಯಾಂಕು ಸೇರಿ 60 ಲಕ್ಷ ಫ್ರಾಂಕ್ ಬಂಡವಾಳದ ಸ್ವಿಸ್ ಮರುವಿಮಾ ಕಂಪನಿಯನ್ನು, ಇಂದಿನ ಸ್ವಿಸ್ ರೀಯನ್ನು, ಜ್ಯೂರಿಕ್‌ನಲ್ಲಿ ಸ್ಥಾಪಿಸಿದವು.

ಆಪತ್ತಿಗೆ ಮೊದಲೇ ತೆಗೆದಿಡುವ ಬುದ್ಧಿ ನಮ್ಮ ಕಡೆಯೂ ಇತ್ತು, ಅದರ ಹೆಸರು ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬೆಳೆದ ವರ್ಷದ ಜೋಳ ಬೆಳೆಯದ ವರ್ಷಕ್ಕೆ ಊಟವಾಗುತ್ತಿತ್ತು. ಇದೂ ವಿಮೆಯೇ. ನಷ್ಟವನ್ನು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹಂಚುವ ವಿಮೆ. ಆದರೆ ಹಗೇವಿಗೆ ಒಂದು ಮಿತಿಯಿತ್ತು: ಅದು ಕಾಲವನ್ನು ದಾಟಬಲ್ಲದು, ಸೀಮೆಯನ್ನು ದಾಟಲಾರದು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ, ಧಾತು ಸಂವತ್ಸರದಲ್ಲಿ ಶುರುವಾದ ಆ ಕ್ಷಾಮದಲ್ಲಿ, ಅಂದಿನ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯೂ ಬೆಂದಿತು. ಹಾವೇರಿ, ರಾಣೆಬೆನ್ನೂರುಗಳು ಆಗ ಆ ಜಿಲ್ಲೆಯ ಭಾಗ. ಅದಕ್ಕೆ ಹತ್ತು ಹದಿನೈದು ವರ್ಷ ಮೊದಲು, ಗ್ಲಾರಸ್ ಸುಟ್ಟ 1861ರಲ್ಲೇ ಶುರುವಾದ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ, ಈ ಎರಿ ಭೂಮಿಯಲ್ಲಿ ಹತ್ತಿ ಹರಡಿತ್ತು. ಯುದ್ಧ ಮುಗಿದ ಮೇಲೆ ಬೆಲೆ ಇಳಿದಿತ್ತು. ದೂರದ ಪೇಟೆಯ ಏರಿಳಿತ ಹಳ್ಳಿಗೆ ಬಂದಿತ್ತು, ಆದರೆ ಹಳ್ಳಿಯ ಆಪತ್ತನ್ನು ದೂರಕ್ಕೆ ಒಯ್ಯುವ ದಾರಿ ಇನ್ನೂ ಆಗಿರಲಿಲ್ಲ. ಅಕ್ಕಪಕ್ಕದ ಊರಿನಲ್ಲೂ ಬರ, ಪಕ್ಕದ ಜಿಲ್ಲೆಯಲ್ಲೂ ಬರ. ಮುಯ್ಯಿ ಕೊಡುವವನೂ ಕೈಯೊಡ್ಡಿ ನಿಂತ ಕಾಲ ಅದು.

ಮರುವಿಮೆ ಆ ಸೀಮೆಯ ಗಡಿಯನ್ನು ದಾಟುತ್ತದೆ. ಇದರ ಕ್ರಮವನ್ನು ಕೋರಿಗೆ, ಅಂದರೆ ಪಾಲಿಗೆ, ಹೊಲ ಮಾಡುವವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಒಂದು ಬಗೆಯ ಒಪ್ಪಂದದಲ್ಲಿ ಸ್ಥಳೀಯ ಕಂಪನಿ ತನ್ನ ಕಂತಿನಲ್ಲಿ ಇಂತಿಷ್ಟು ಪಾಲನ್ನು ಮರುವಿಮಾ ಕಂಪನಿಗೆ ಕೊಡುತ್ತದೆ, ನಷ್ಟವಾದಾಗ ಅದೇ ಪಾಲನ್ನು ಅದರಿಂದ ತೆಗೆದುಕೊಳ್ಳುತ್ತದೆ. ಲಾಭಕ್ಕೂ ಕೋರು, ಲುಕ್ಸಾನಿಗೂ ಕೋರು. ಇನ್ನೊಂದು ಬಗೆಯಲ್ಲಿ ಒಂದು ಮಿತಿಯವರೆಗಿನ ನಷ್ಟವನ್ನು ಸ್ಥಳೀಯ ಕಂಪನಿಯೇ ತಡೆದುಕೊಂಡು, ಮಿತಿ ಮೀರಿದ್ದನ್ನು ಮಾತ್ರ ಮರುವಿಮಾ ಕಂಪನಿಗೆ ಬಿಡುತ್ತದೆ. ಇಟಲಿಯ ಭೂಕಂಪ, ಜಪಾನಿನ ಬಿರುಗಾಳಿ, ಅಮೆರಿಕದ ಕಾಡ್ಗಿಚ್ಚು, ಕರ್ನಾಟಕದ ಬರ ಒಂದೇ ವರ್ಷ ಒಟ್ಟಿಗೆ ಬರುವುದು ಅಪರೂಪ ಎಂಬ ಲೆಕ್ಕದ ಮೇಲೆ ಇಡೀ ವ್ಯವಹಾರ ನಿಂತಿದೆ. 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಈ ಲೆಕ್ಕದ ದೊಡ್ಡ ಪರೀಕ್ಷೆ. ಅಲ್ಲಿನ ನಷ್ಟದ ಪಾಲು ಜ್ಯೂರಿಕ್‌ಗೂ ಮ್ಯೂನಿಕ್‌ಗೂ ತಲುಪಿತು. ಭೂಕಂಪಕ್ಕಿಂತ ಅದರ ಹಿಂದೆ ಎದ್ದ ಬೆಂಕಿ ಹೆಚ್ಚು ಹಾಳು ಮಾಡಿತ್ತು. ಪಾಲಿಸಿ ಇದ್ದದ್ದು ಬೆಂಕಿಗೆ. ಆದ್ದರಿಂದ ಮನೆ ಬಿದ್ದದ್ದು ನಡುಕದಿಂದಲೋ ಬೆಂಕಿಯಿಂದಲೋ ಎಂಬ ಜಗಳ ಹುಟ್ಟಿತು. ಕೆಲವು ಯುರೋಪಿಯನ್ ಕಂಪನಿಗಳು ಕೈ ತೊಳೆದುಕೊಂಡವು. ಲಂಡನ್ನಿನ ಲಾಯ್ಡ್ಸ್ ವಿಮಾ ಪೇಟೆಯಲ್ಲಿ ಕತ್‌ಬರ್ಟ್ ಹೀತ್ ಎಂಬ ವಿಮೆಗಾರ ಮಾತ್ರ ಷರತ್ತು ನೋಡದೆ ಎಲ್ಲರಿಗೂ ಪೂರ್ತಿ ಕೊಡಿ ಎಂದು ತಂತಿ ಕಳಿಸಿದ. ತೊಂಬತ್ತೈದು ವರ್ಷಗಳ ನಂತರ, 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ, ಅವುಗಳ ವಿಮೆಯಲ್ಲಿ ದೊಡ್ಡ ಪಾಲು ಸ್ವಿಸ್ ರೀಯದು. ಎರಡು ವಿಮಾನ ಬಡಿದದ್ದು ಒಂದು ಘಟನೆಯೋ ಎರಡು ಘಟನೆಯೋ ಎಂಬ ವಾದ ನ್ಯಾಯಾಲಯಕ್ಕೆ ಹೋಯಿತು. ಎರಡು ಎಂದರೆ ಪರಿಹಾರ ಇಮ್ಮಡಿ. ಸ್ವಿಸ್ ರೀ ಮಟ್ಟಿಗೆ ಅದು ಒಂದೇ ಘಟನೆ ಎಂದು 2004ರಲ್ಲಿ ಜ್ಯೂರಿ ತೀರ್ಮಾನಿಸಿತು. ಎರಡೂ ಪ್ರಸಂಗಗಳಲ್ಲಿ ದುಡ್ಡು ಎಷ್ಟಿದೆ ಎಂಬುದಕ್ಕಿಂತ ನಷ್ಟವನ್ನು ಯಾವ ಪದದಲ್ಲಿ ಬರೆದಿದೆ, ಯಾವ ಕೋಲಿನಿಂದ ಅಳೆದಿದೆ ಎಂಬುದೇ ಕೊನೆಯ ಮಾತಾಯಿತು. ಹಾವೇರಿಯ ರೈತನಿಗೂ ಕೊನೆಯ ಮಾತು ಅದೇ.

ಭಾರತದೊಳಗೆ ಈ ಕಂಪನಿಗಳು ಬಂದದ್ದು, ಹೋದದ್ದು, ಮತ್ತೆ ಬಂದದ್ದು ಒಂದು ಸುತ್ತು. 1956ರಲ್ಲಿ 245 ಸಂಸ್ಥೆಗಳ ಜೀವ ವಿಮಾ ವ್ಯವಹಾರವನ್ನು ರಾಷ್ಟ್ರೀಕರಿಸಿ ಆ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಕಟ್ಟಲಾಯಿತು. ಅವುಗಳಲ್ಲಿ 16 ವಿದೇಶಿ ಕಂಪನಿಗಳಿದ್ದವು. 1973ರ ಆರಂಭದಲ್ಲಿ ಸಾಮಾನ್ಯ ವಿಮೆಯ 107 ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಾಗಿ, ಮೇಲೆ ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್ ಕುಳಿತಿತು. ಇಂದು ಜಿಐಸಿ ರೀ ಎನ್ನುವುದು ಅದನ್ನೇ. 1999ರ ಕಾಯ್ದೆಯ ನಂತರ ವಿದೇಶಿ ಬಂಡವಾಳಕ್ಕೆ ಶೇ 26ರ ಬಾಗಿಲು ತೆರೆಯಿತು. 2015ರಲ್ಲಿ ಅದು ಶೇ 49, 2021ರಲ್ಲಿ ಶೇ 74 ಆಯಿತು. 2025ರ ಬಜೆಟ್ಟಿನಲ್ಲಿ ಪೂರ್ತಿ ನೂರಕ್ಕೆ ತೆರೆಯುವ ಮಾತು ಬಂತು. 2015ರ ತಿದ್ದುಪಡಿಯೇ ವಿದೇಶಿ ಮರುವಿಮಾ ಕಂಪನಿಗಳಿಗೆ ಇಲ್ಲಿ ಶಾಖೆ ತೆರೆಯಲು ಅನುಮತಿ ಕೊಟ್ಟದ್ದು. ಅದರ ಮುಂದಿನ ಎರಡು ವರ್ಷಗಳಲ್ಲಿ ಸ್ವಿಸ್ ರೀ, ಮ್ಯೂನಿಕ್ ರೀ, ಹ್ಯಾನೋವರ್ ರೀ, ಫ್ರಾನ್ಸಿನ ಸ್ಕೋರ್ ಮುಂಬೈಗೆ ಬಂದವು. ನಮಗೆ ಪರಿಚಿತ ಹೆಸರುಗಳ ಹಿಂದೆಯೂ ಇದೇ ಯುರೋಪಿದೆ: ಎಚ್‌ಡಿಎಫ್‌ಸಿ ಎರ್ಗೊದಲ್ಲಿನ ಎರ್ಗೊ ಮ್ಯೂನಿಕ್ ರೀ ಗುಂಪಿನದು, ಬಜಾಜ್ ಜೊತೆ 2001ರಿಂದ ಇದ್ದ ಅಲಯನ್ಸ್ 1890ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು, ತನ್ನ ಶೇ 26ರ ಪಾಲನ್ನು ಬಜಾಜ್‌ಗೇ ಮಾರುವ ಒಪ್ಪಂದವನ್ನು ಅದು 2025ರಲ್ಲಿ ಮಾಡಿಕೊಂಡಿತು. ಇನ್ನು ಸ್ವಿಸ್ ರೀಯ ದೊಡ್ಡದೊಂದು ಕಚೇರಿ ಬೆಂಗಳೂರಿನಲ್ಲೇ ಇದೆ. ಜಗತ್ತಿನ ಬೇರೆ ಬೇರೆ ಕಡೆಯ ವಿಮಾ ಲೆಕ್ಕ, ದತ್ತಾಂಶದ ಕೆಲಸ ಅಲ್ಲಿ ಕುಳಿತ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಸಾಗುತ್ತದೆ. ಹಾವೇರಿಯಿಂದ ಹೆದ್ದಾರಿ ಹಿಡಿದರೆ ಅದು ಒಂದು ಹಗಲಿನ ಪ್ರಯಾಣವೂ ಅಲ್ಲ.

ಇದೆಲ್ಲ ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿದರೆ ತಪ್ಪಾದೀತು. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವ ವಿಮೆ ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಅದೇ ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಕೆಲಸ. ಆ ಸೀಮೆಯಲ್ಲಿ ಬಿದ್ದ ಮಳೆಯನ್ನೇ ಅಳತೆಗೋಲು ಮಾಡಿ, ಇಂತಿಷ್ಟಕ್ಕಿಂತ ಕಡಿಮೆ ಬಿದ್ದರೆ ಆ ಸೀಮೆಯ ವಿಮಾದಾರರಿಗೆಲ್ಲ ಪರಿಹಾರ ಕೊಡಿ ಎಂಬುದು ಅವರ ಯೋಜನೆಯ ತಿರುಳು. ಜಗತ್ತಿನ ವಿಮಾ ತಜ್ಞರು ಇದನ್ನು ಹೊಸ ಶೋಧವೆಂಬಂತೆ ಎತ್ತಿಕೊಂಡದ್ದು ಎಂಬತ್ತು ವರ್ಷಗಳ ನಂತರ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ಶುರುವಾದದ್ದೂ ಕರ್ನಾಟಕದ 70 ಹೋಬಳಿಗಳಲ್ಲಿ. ಚಕ್ರವರ್ತಿಯವರ ಕಾಲದಲ್ಲಿ ಕೊರತೆ ಇದ್ದದ್ದು ಮಳೆಮಾಪಕಗಳದು, ಜೊತೆಗೆ ದೊಡ್ಡ ಹೊರೆ ಹೊರುವ ಬಂಡವಾಳದ್ದು. ಇವತ್ತು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೂರಿಸಿದೆ. ಬಂಡವಾಳಕ್ಕೆ ಜ್ಯೂರಿಕ್‌ವರೆಗೆ ದಾರಿಯಿದೆ. ಹಾಗಾದರೆ ರೈತನಿಗೆ ಸಮಾಧಾನ ಯಾಕಿಲ್ಲ?

ಉತ್ತರ ಹುಡುಕಲು ಬೆಳೆ ಕಟಾವು ಪ್ರಯೋಗ ನಡೆಯುವ ಗೋವಿನಜೋಳದ ಹೊಲಕ್ಕೆ ಹೋಗಬೇಕು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಪ್ರತಿ ಪಂಚಾಯಿತಿಯಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಹೊಲಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಹೊಲದೊಳಗೆ ಹೆಜ್ಜೆ ಎಣಿಸಿ ಒಂದು ಮೂಲೆ ಗುರುತಿಸಿ, ಹಗ್ಗ ಬಿಗಿದು, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಹಾಕಿ, ಗೂಟ ನೆಟ್ಟು, ಅದರೊಳಗಿನ ತೆನೆಗಳನ್ನಷ್ಟೇ ಮುರಿದು, ಕಾಳು ಬಿಡಿಸಿ ತೂಗುತ್ತಾರೆ. ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಾರೆ. ಗಟ್ಟಿ ಕ್ರಮವೇ. ಆದರೆ ಲೆಕ್ಕ ಹಾಕಿ ನೋಡಿ: 25 ಚದರ ಮೀಟರ್ ಎಂದರೆ ಹೆಕ್ಟೇರಿನ ನಾನೂರನೇ ಒಂದು ಪಾಲು. ತಕ್ಕಡಿಯಲ್ಲಿ ಒಂದು ಕಿಲೋ ಹೆಚ್ಚು ತೋರಿದರೆ ಹೆಕ್ಟೇರಿಗೆ 4 ಕ್ವಿಂಟಲ್ ಹೆಚ್ಚು ಬೆಳೆದಂತೆ ದಾಖಲಾಗುತ್ತದೆ. ಆ ಪಂಚಾಯಿತಿಯಲ್ಲಿ ಸಾವಿರ ಹೆಕ್ಟೇರ್ ಗೋವಿನಜೋಳ ಇದೆ ಎಂದುಕೊಂಡರೆ, ನಾಲ್ಕು ಚೌಕ ಸೇರಿ ತೂಗಿದ್ದು ಲಕ್ಷದಲ್ಲಿ ಒಂದು ಪಾಲು ನೆಲವನ್ನು. ಖಾತರಿ ಇಳುವರಿ, ಅಂದರೆ ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿಯಿಂದ ತೆಗೆದ ಮಟ್ಟ, ಹೆಕ್ಟೇರಿಗೆ 40 ಕ್ವಿಂಟಲ್ ಎಂದೂ ವಿಮಾ ಮೊತ್ತ 60,000 ರೂಪಾಯಿ ಎಂದೂ ಉದಾಹರಣೆಗೆ ಇಟ್ಟುಕೊಳ್ಳಿ. ಕಟಾವಿನ ಸರಾಸರಿ 30 ಕ್ವಿಂಟಲ್ ಬಂದರೆ ಕೊರತೆ ನಾಲ್ಕನೇ ಒಂದು. ಪರಿಹಾರ 15,000 ರೂಪಾಯಿ. ನಾಲ್ಕೂ ಚೌಕಗಳಲ್ಲಿ ಹಸಿ ಕಾಳು ಒಂದೊಂದು ಕಿಲೋ ಹೆಚ್ಚು ತೂಗಿದ್ದರೆ ಸರಾಸರಿ 34 ಆಗಿ, ಅದೇ ಪರಿಹಾರ 9,000ಕ್ಕೆ ಇಳಿಯುತ್ತದೆ. ಇಡೀ ಪಂಚಾಯಿತಿಯ ಎಲ್ಲರಿಗೂ ಇಳಿಯುತ್ತದೆ. ಮೂರು ವರ್ಷ ಬರ ಬಿದ್ದ ಊರಿನಲ್ಲಿ ಕೆಟ್ಟ ಎರಡನ್ನು ಬಿಟ್ಟರೂ ಮೂರನೆಯದು ಸರಾಸರಿಯೊಳಗೆ ಉಳಿದು ಖಾತರಿ ಇಳುವರಿಯನ್ನೇ ಕೆಳಗೆ ಎಳೆಯುತ್ತದೆ. ಹೆಚ್ಚು ಸೋತವನಿಗೆ ಕಡಿಮೆ ಭರವಸೆ.

ಮಳೆಯನ್ನೇ ಅಳೆಯುವ ಹವಾಮಾನ ಆಧಾರಿತ ವಿಮೆಯಲ್ಲಿ ತಕ್ಕಡಿಯ ಜಗಳ ಇಲ್ಲ. ಇಲ್ಲಿನ ತೊಡಕು ಮಳೆಯ ಸ್ವಭಾವದ್ದು. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿಯೇ ಉಳಿಯುವಂಥ ಮಳೆ ಎಂದು ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ. ಮಾಪಕ ಇರುವ ಊರಿನ ಮೇಲೆ ಹನಿದ ಮೋಡ ಹಳ್ಳದ ಆಚೆಯ ಎರಿಗೆ ತಲುಪದೇ ಹೋಗಬಹುದು. ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಬೆಳೆಗೆ ಇನ್ನೂ ಒಂದು ಕಷ್ಟವಿದೆ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಈ ಕಾಯಿಯ ಬೆಲೆ ಅದರ ಗಾಢ ಕೆಂಪಿನಲ್ಲಿದೆ. 2011ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಹಿಂದಿರುವ ಹೆಗ್ಗಳಿಕೆಯೂ ಬಣ್ಣದ್ದೇ. ಗಿಡದಿಂದ ಬಿಡಿಸಿ ಕಣದಲ್ಲಿ ಹರವಿದ ಮೇಲೆ ಒಂದು ಅಕಾಲಿಕ ಮಳೆ ಬಿದ್ದರೆ ತೂಕ ಹೆಚ್ಚೇನೂ ಕಡಿಮೆಯಾಗದಿರಬಹುದು, ಬಣ್ಣ ಹೋಗುತ್ತದೆ, ಕಾಯಿ ಬಿಳಿಚುತ್ತದೆ, ದರ ಬೀಳುತ್ತದೆ. ಇಳುವರಿ ತೂಗುವ ವಿಮೆಗೆ ಬಣ್ಣ ಕಾಣುವುದಿಲ್ಲ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನಗಳವರೆಗೆ ರಕ್ಷಣೆ, ಆನೆಕಲ್ಲಿನಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ತಿಳಿಸಿದರೆ ಆ ಹೊಲದ್ದೇ ಪರಿಶೀಲನೆ ಎಂಬ ನಿಯಮಗಳು ಯೋಜನೆಯಲ್ಲಿವೆ, ನಿಜ. ಆದರೆ ಮಳೆ ಬರುವಾಗ ತಾಡಪತ್ರಿ ಹೊದಿಸಲು ಓಡುವ ಮನೆಮಂದಿಗೆ ಆ 72 ಗಂಟೆ ಎಷ್ಟು ಚಿಕ್ಕದು! ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆ ಮಾಡುವವರ ಸಂಗತಿ ಬೇರೆ. ಹೂವು ಹೂವಿಗೂ ಕೈಯಿಂದ ಕ್ರಾಸಿಂಗ್ ಮಾಡಿಸುವ ಬೆಳೆಗೆ ಆಳಿನ ಖರ್ಚೇ ಸಾಮಾನ್ಯ ಬೆಳೆಯ ಹಲವು ಪಟ್ಟು. ವಿಮಾ ಮೊತ್ತವನ್ನು ಜಿಲ್ಲೆಗೆ ಗೊತ್ತುಪಡಿಸಿದ ಸಾಲದ ಪ್ರಮಾಣದ ಮೇಲೆ ಕಟ್ಟುವಾಗ ಆ ಹಾಕಿದ ದುಡ್ಡು ಲೆಕ್ಕಕ್ಕೆ ಬರುವುದು ಕಷ್ಟ. ಇನ್ನು ವಿಮೆ ತುಂಬಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಇನ್ನೊಂದು ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುವುದು ಪ್ರತಿ ವರ್ಷದ ಗೋಳು. ಮಳೆ ತಡವಾಗಿ ಹತ್ತಿಯ ಹೊಲಕ್ಕೆ ಕಡಲೆ ಬಿತ್ತಬೇಕಾಗಿ ಬಂದ ರೈತ ಸುಳ್ಳು ಹೇಳಿದವನಲ್ಲ, ಸುಳ್ಳು ಹೇಳಿದ್ದು ಮಳೆ.

ಇಷ್ಟು ಕೇಳಿದ ಮೇಲೆ ಬರುವ ಮೊದಲ ಆಕ್ಷೇಪ: ಅಳತೆ ಸಡಿಲವಾಗಿದ್ದಷ್ಟೂ ಕಂಪನಿಗಳಿಗೇ ಲಾಭವಲ್ಲವೇ, ಸರ್ಕಾರದ ದುಡ್ಡನ್ನು ಯುರೋಪಿಗೆ ಸಾಗಿಸಲು ಈ ಏರ್ಪಾಟೇ? ಆಕ್ಷೇಪದಲ್ಲಿ ಹುರುಳಿದೆ. ಮಳೆ ಚೆನ್ನಾದ ವರ್ಷ ಕಂತು ಕಂಪನಿಯಲ್ಲೇ ಉಳಿಯುತ್ತದೆ, ಅದು ಜನರ ಕಣ್ಣಿಗೆ ರಾಚುತ್ತದೆ. ಆದರೆ ಮರುವಿಮೆಯ ಲಾಭ ನಷ್ಟವನ್ನು ಒಂದು ವರ್ಷದಿಂದ ಅಳೆಯುವುದು, ತುಂಬಿದ ಹಗೇವನ್ನು ನೋಡಿ ಇಷ್ಟು ಜೋಳ ಸುಮ್ಮನೆ ಯಾಕೆ ಎಂದು ಕೇಳಿದ ಹಾಗೆ. ಕೇಳಬೇಕಾದ ಪ್ರಶ್ನೆ, ಒಳ್ಳೆಯ ವರ್ಷದ ಉಳಿಕೆಯಲ್ಲಿ ಸಮಾಜದ ಪಾಲೆಷ್ಟು ಎಂಬುದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2020ರಲ್ಲಿ ಒಂದು ಉತ್ತರ ಹುಡುಕಿದರು. ಪರಿಹಾರವು ಕಂತಿನ ಶೇ 80ಕ್ಕಿಂತ ಕಡಿಮೆಯಾದರೆ ಕಂಪನಿ ಶೇ 20ನ್ನು ಇಟ್ಟುಕೊಂಡು ಉಳಿದದ್ದನ್ನು ರಾಜ್ಯಕ್ಕೆ ಮರಳಿಸಬೇಕು. ಶೇ 110 ದಾಟಿದರೆ ದಾಟಿದ್ದನ್ನು ರಾಜ್ಯ ಭರಿಸಬೇಕು. ಕಂಪನಿಯ ಅತಿ ಲಾಭಕ್ಕೆ ಇದು ಕಡಿವಾಣ, ಒಪ್ಪೋಣ. ಜೊತೆಗೆ ಇದರ ಬೆಲೆಯನ್ನೂ ನೋಡಬೇಕು: ಎಲ್ಲಕ್ಕಿಂತ ಘೋರವಾದ ವರ್ಷದ ಹೊರೆ, ಯಾವುದಕ್ಕಾಗಿ ಮರುವಿಮೆ ಹುಟ್ಟಿತೋ ಆ ಹೊರೆ, ಮತ್ತೆ ರಾಜ್ಯದ ತಲೆಯ ಮೇಲೆಯೇ ಬಂದು ಕೂರುತ್ತದೆ. ಗ್ಲಾರಸ್ ಮತ್ತೆ ತನ್ನ ಕಣಿವೆಗೇ ಮರಳಿದಂತೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಿಮೆಯ ಗೊಡವೆಯೇ ಬೇಡ, ಸರ್ಕಾರ ನೇರವಾಗಿ ಬರ ಪರಿಹಾರ ಕೊಡಲಿ ಎನ್ನುವವರಿದ್ದಾರೆ. ಬಿಹಾರ 2018ರಲ್ಲಿ, ಗುಜರಾತ್ 2020ರಲ್ಲಿ ಫಸಲ್ ಬಿಮಾದಿಂದ ಹೊರನಡೆದು ತಮ್ಮದೇ ನೆರವಿನ ಯೋಜನೆ ಮಾಡಿಕೊಂಡವು. ಇದಕ್ಕೆ ನಮ್ಮದೇ ಅನುಭವ ಉತ್ತರ ಹೇಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಹದಿಮೂರು ತಾಲ್ಲೂಕು ಬಿಟ್ಟು ಇಡೀ ರಾಜ್ಯ ಎಂದರೆ ಒಂದೇ ರಾತ್ರಿ ಸುಟ್ಟ ಊರಿನ ಕಥೆಯೇ. ರಾಜ್ಯ 18,171 ಕೋಟಿ ರೂಪಾಯಿ ಬರ ಪರಿಹಾರ ಕೇಳಿತು. ತಿಂಗಳುಗಟ್ಟಲೆ ಪತ್ರ, ಭೇಟಿ, ಆರೋಪ, ಪ್ರತ್ಯಾರೋಪಗಳಾಗಿ, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಗಿ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಯಾರು ಸರಿ ಯಾರು ತಪ್ಪು ಎಂಬುದನ್ನು ಬದಿಗಿಟ್ಟು ನೋಡಿದರೂ ಒಂದು ಮಾತು ಉಳಿಯುತ್ತದೆ. ಪರಿಹಾರ ನಿಧಿಯಲ್ಲಿ ರೈತ ಅರ್ಜಿದಾರ, ವಿಮೆಯಲ್ಲಿ ಅವನು ಹಕ್ಕುದಾರ. ಕಂತು ಕಟ್ಟಿದವನು ಬೇಡುವುದಿಲ್ಲ, ಕೇಳುತ್ತಾನೆ. ಆ ಹಕ್ಕು ಕಾಗದದ ಮೇಲೆ ಇದೆ, ಕೈಗೆ ಬರಲು ಅಳತೆ ಅಡ್ಡ ನಿಂತಿದೆ ಎಂಬುದೇ ನನ್ನ ದೂರು. ಹಕ್ಕನ್ನೇ ಬಿಟ್ಟುಕೊಟ್ಟು ಕೃಪೆಗೆ ಮರಳುವುದು ಅದಕ್ಕೆ ಮದ್ದಲ್ಲ.

ಹೊರೆ ಹೊರುವವನೇ ಎಡವಿದರೆ ಏನು ಎಂದೂ ಕೇಳಬಹುದು. ಸ್ವಿಸ್ ರೀ ಎಡವಿದೆ. 2008ರ ಆರ್ಥಿಕ ಕುಸಿತದಲ್ಲಿ ಅದು 86 ಕೋಟಿ ಫ್ರಾಂಕಿಗೂ ಹೆಚ್ಚು ನಷ್ಟ ತೋರಿಸಿತು. ಬಿರುಗಾಳಿ, ಭೂಕಂಪಗಳಿಂದ ಆದ ನಷ್ಟವಲ್ಲ ಅದು, ತನ್ನ ಕಸುಬು ಬಿಟ್ಟು ಹಣಕಾಸು ಪೇಟೆಯ ಸಾಲಪತ್ರಗಳ ಜೂಜಿಗೆ ಕೈ ಹಾಕಿದ್ದರ ಫಲ. 2009ರಲ್ಲಿ ಅಮೆರಿಕದ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ 300 ಕೋಟಿ ಫ್ರಾಂಕ್ ತೊಡಗಿಸಿ, ದುಬಾರಿ ಬಡ್ಡಿಗೆ, ಅದನ್ನು ಎತ್ತಿ ನಿಲ್ಲಿಸಿತು. ಆದ್ದರಿಂದ ಹೊರೆಯನ್ನು ಒಬ್ಬರ ಹೆಗಲಿಗೇ ಹೇರದೆ ಹಲವರಿಗೆ ಹಂಚುವುದು, ಎಲ್ಲ ಕಂಪನಿಗಳೂ ಜಿಐಸಿ ರೀಗೆ ಶೇ 4ರಷ್ಟು ಪಾಲನ್ನು ಕಡ್ಡಾಯವಾಗಿ ಬಿಟ್ಟುಕೊಡಬೇಕೆಂಬ ನಿಯಮ ಇಟ್ಟುಕೊಂಡಿರುವುದು ಸರಿಯಾದ ಎಚ್ಚರ. ಮರುವಿಮಾ ಕಂಪನಿಗಳು ಕೆಟ್ಟ ವರ್ಷಗಳ ನಂತರ ದರ ಏರಿಸುತ್ತವೆ, ಕೆಲವೊಮ್ಮೆ ಹಿಂದೆ ಸರಿಯುತ್ತವೆ ಎಂಬುದೂ ನಿಜ. ಆದರೆ ಅವು ದರ ಏರಿಸುವುದು ಗೊತ್ತಿಲ್ಲದ್ದಕ್ಕೆ ಹೆದರಿ. ನಾಲ್ಕು ಚೌಕಗಳ ತೂಕ ನಂಬಲರ್ಹವಲ್ಲ ಎಂದು ರೈತನಿಗೆ ಅನ್ನಿಸಿದಂತೆ ಜ್ಯೂರಿಕ್‌ಗೂ ಅನ್ನಿಸುತ್ತದೆ. ಸುಳ್ಳು ಅಂಕಿಗೆ ಒಬ್ಬ ಪರಿಹಾರ ಕಳೆದುಕೊಂಡರೆ, ಇನ್ನೊಬ್ಬ ಅದರ ಅಪಾಯಕ್ಕೆಂದು ಕಂತು ಹೆಚ್ಚಿಸುತ್ತಾನೆ. ಅಳತೆ ನೆಟ್ಟಗಾದರೆ ಇಬ್ಬರಿಗೂ ಒಳ್ಳೆಯದು ಎಂಬುದು ಇಲ್ಲಿ ವ್ಯಾಪಾರದ ಲೆಕ್ಕವೇ.

ವಿಮೆಯ ಕೈ ಎಟುಕದ ಜಾಗವನ್ನೂ ಹೇಳಬೇಕು. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಕುಸಿದಾಗ ಸಿಟ್ಟು ಸ್ಫೋಟಿಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಬ್ಯಾಡಗಿಗೆ ಬರುವ ಚೀಲಗಳಲ್ಲಿ ಬಹುಪಾಲು ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯವು. ಅಂದು ಅಲ್ಲಿದ್ದ ರೈತರ ಬೆಳೆ ಹಾಳಾಗಿರಲಿಲ್ಲ, ಬಂಪರ್ ಬಂದಿತ್ತು. ಸುಟ್ಟ ಕಟ್ಟಡಕ್ಕೆ, ವಾಹನಕ್ಕೆ ವಿಮೆ ಇರಬಹುದು. ಬಿದ್ದ ದರಕ್ಕೆ ಫಸಲ್ ಬಿಮಾದಲ್ಲಿ ಜಾಗವಿಲ್ಲ. ಬೆಲೆ ಬಿದ್ದಾಗ ಎಲ್ಲರಿಗೂ ಒಟ್ಟಿಗೇ ಬೀಳುತ್ತದೆ. ಮಳೆಯಂತೆ ಒಂದು ಸೀಮೆಗೆ ಬಿಟ್ಟು ಇನ್ನೊಂದಕ್ಕೆ ಬೀಳುವುದಿಲ್ಲ. ಅದಕ್ಕೆ ಮಾರುಕಟ್ಟೆ ಮಧ್ಯಪ್ರವೇಶ, ಶೀತಲಗೃಹದಲ್ಲಿಟ್ಟ ಚೀಲದ ಮೇಲೆ ಸುಲಭದ ಸಾಲ, ಪಾರದರ್ಶಕ ಹರಾಜು ಬೇಕು. ಬೆಳೆ ವಿಮೆ ಇದ್ದರೆ ರೈತ ಸುರಕ್ಷಿತ ಎಂದು ಭಾಷಣ ಮಾಡುವವರು ಈ ದಿನವನ್ನು ಮರೆಯಬಾರದು.

ಅಳತೆಯನ್ನು ಹತ್ತಿರಕ್ಕೆ ತರುವುದೆಂದರೆ ದೊಡ್ಡ ಯಂತ್ರಗಳ ಮಾತಲ್ಲ. ಭತ್ತ, ಗೋಧಿಗೆ ಉಪಗ್ರಹ ಚಿತ್ರಗಳಿಂದ ಇಳುವರಿ ಅಂದಾಜಿಸುವ ಕ್ರಮ 2023ರಿಂದ ಯೋಜನೆಯೊಳಗೆ ಬಂದಿದೆ, ಗೋವಿನಜೋಳಕ್ಕೂ ಹತ್ತಿಗೂ ಅದು ಬರಲಿ. ಅದಕ್ಕಿಂತ ಮೊದಲು ಆಗಬಹುದಾದದ್ದು ಬಲು ಸರಳ. ಯಾವ ನಾಲ್ಕು ಸರ್ವೆ ನಂಬರುಗಳಲ್ಲಿ ಕಟಾವು, ಯಾವ ದಿನ, ಎಷ್ಟು ಗಂಟೆಗೆ ಎಂದು ಪಂಚಾಯಿತಿಯಲ್ಲಿ ಡಂಗುರ ಹೊಡೆಸಬೇಕು. ತೂಗುವಾಗ ಊರಿನ ನಾಲ್ಕು ಜನ ನಿಂತು ನೋಡಬೇಕು. ಕಾಳಿನ ಹಸಿ ತೂಕ, ಒಣಗಿದ ತೂಕ ಎರಡನ್ನೂ ಅಂದೇ ಬರೆದು, ಆ ಪಂಚಾಯಿತಿಯ ಖಾತರಿ ಇಳುವರಿಯ ಪಕ್ಕದಲ್ಲಿ, ಮಳೆಮಾಪಕದ ವಾರವಾರದ ಅಂಕಿಯ ಜೊತೆಗೆ, ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕು. ತನಗೆ ಎಷ್ಟು ಬರಬೇಕು ಎಂಬುದನ್ನು ಆ ಗೋಡೆಯ ಮುಂದೆ ನಿಂತು, ಪೆನ್ಸಿಲು ಕಾಗದ ಹಿಡಿದು, ಹತ್ತನೇ ತರಗತಿ ಓದಿದ ಮಗಳು ಅಪ್ಪನಿಗೆ ಲೆಕ್ಕ ಹಾಕಿ ಹೇಳುವಂತಿರಬೇಕು. ಆ ಹಾಳೆಯದೇ ಒಂದು ಪ್ರತಿ ಬೆಂಗಳೂರಿಗೂ, ಮುಂಬೈಗೂ, ಜ್ಯೂರಿಕ್ ಸರೋವರದ ದಂಡೆಯ ಕಚೇರಿಗೂ ಹೋಗಲಿ.